ಗುಮ್ಮಟಕ್ಕೆ ಮುಗಿದ ಕೈ

ಅಮ್ಮಾ,

ಇವತ್ತು ಊಟದ ಬಿಡುವಿನಲ್ಲಿ, ನಮ್ಮ ಆಫೀಸಿನ ಮೈಸೂರಿನ ಹುಡುಗಿ ಕೃಪಾಳ ಜೊತೆ ಹತ್ತು ನಿಮಿಷ ನಡೆದು ಬರೋಣವೆಂದು ಹೊರಟೆ. ವಡೋದರಾದ ಬಿಸಿಲು ನಿನಗೆ ಗೊತ್ತೇ ಇದೆ. ಬೇವಿನ ಮರಗಳ ನೆರಳು ಹಿಡಿದು ನಡೆಯುತ್ತಾ ಯೂನಿವರ್ಸಿಟಿಯ ದೊಡ್ಡ ಗುಮ್ಮಟದ ಎದುರಿಗೆ ಬಂದುಬಿಟ್ಟೆವು.

ನೀನು ತೀರಿಕೊಳ್ಳುವ ಹಿಂದಿನ ವರ್ಷ ನನ್ನ ಮನೆಯಲ್ಲಿದ್ದಾಗ, ನಮ್ಮ ಕಾರು ಅಲ್ಲಿ ಹಾದಾಗಲೆಲ್ಲ ಕೈ ಮುಗಿಯುತ್ತಿದ್ದೆ. ಒಂದು ದಿನ ಹಿಂದಿನ ಸೀಟಿನಲ್ಲಿ ಕೃಪಾ ಇದ್ದಳು. ನನಗೆ ನಾಚಿಕೆಯಾಗಿ, "ಅದು ದೇವಸ್ಥಾನ ಅಲ್ಲಮ್ಮ, ಕಾಲೇಜು. ಎಷ್ಟು ಸಲ ಹೇಳೋದು?" ಎಂದು ರೇಗಿದೆ. ನೀನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಆಮೇಲೆ ಆ ರಸ್ತೆ ಬಂದರೆ ಇನ್ನೊಂದು ಬದಿಗೆ ಮುಖ ತಿರುಗಿಸುತ್ತಿದ್ದೆ.

"ಅದು ಕಾಲೇಜು ಅಂತ ಆಂಟಿಗೆ ಗೊತ್ತಿತ್ತು ಕಣೇ," ಎಂದಳು ಕೃಪಾ ಇವತ್ತು, ಗುಮ್ಮಟ ನೋಡುತ್ತಾ. "ಅವತ್ತು ನೀನು ಪೆಟ್ರೋಲ್ ಹಾಕ್ಸೋಕೆ ಇಳಿದಾಗ ಹೇಳಿದ್ರು, ನನ್ನ ಮಗಳಿಗೆ ವಿದ್ಯೆ ಕೊಟ್ಟ ಜಾಗ ಅಲ್ವಾ ಅಂತ. ನಿನಗೂ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಹೇಳಲು ನಾನೆಲ್ಲಿ ಬಿಟ್ಟಿದ್ದೆ.

ಕೃಪಾ ನೀರಿನ ಬಾಟಲಿ ತರಲು ಅಂಗಡಿಗೆ ಹೋದಳು. ನನಗೆ ಗುಮ್ಮಟಕ್ಕೆ ಕೈ ಮುಗಿಯಬೇಕೆನಿಸಿತು. ಕೈ ಎತ್ತುವ ಮೊದಲು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದೆ, ಅಮ್ಮಾ.