ಚುಕ್ಕೆ ಎಲೆಯ ಗಿಡಕ್ಕೆ ನೀರು

ಶ್ರೀನಿವಾಸಪುರ
ತಾ. ೧೭-೧-೧೯೩೭, ಭಾನುವಾರ

ಚಿ. ಸೌ. ಅಶ್ವತ್ಥಮ್ಮನಿಗೆ ಶ್ರೀರಾಮಪ್ಪನ ಪ್ರೀತಿಯ ಆಶೀರ್ವಾದ.

ಜ್ವರ ಹೇಗಿದೆ? ಸಂಜೆ ಹೊತ್ತು ಮೈ ಬೆಚ್ಚಗಾಗುವುದು ನಿಂತಿತೇ? ಕೆಮ್ಮು? ಹಾಲು, ಮೊಟ್ಟೆ ಕೊಟ್ಟರೆ ಮುಖ ಸಿಂಡರಿಸದೆ ತಿನ್ನುತ್ತೀಯೋ, ಇಲ್ಲ ಪಕ್ಕದ ಮಂಚದವಳಿಗೆ ದಾಟಿಸುತ್ತೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ಹೊಟ್ಟೆ ತುಂಬ ಉಂಡು, ಗಾಳಿಯಲ್ಲಿ ಮಲಗಿ, ಮನಸ್ಸು ನಿರಾಳವಾಗಿಟ್ಟುಕೊಂಡರೆ ಕ್ಷಯ ಅರ್ಧ ವಾಸಿಯಾದ ಹಾಗೆ ಎಂದು ಮದನಪಲ್ಲಿಯ ಆಸ್ಪತ್ರೆಯ ಡಾಕ್ಟರು ನಿನ್ನನ್ನು ಸೇರಿಸಿಕೊಂಡ ದಿನ ನನ್ನೆದುರಿಗೇ ಹೇಳಿದ್ದಾರೆ. ಏಳು ತಿಂಗಳಾಯಿತು. ಇಲ್ಲಿ ಅಮ್ಮ, ನಮ್ಮ ಸೋದರತ್ತೆ ಮುನಿಯಲ್ಲಮ್ಮ, ಗಂಗು, ನಾನು, ಎಲ್ಲರೂ ಕ್ಷೇಮ. ನಿನ್ನ ಮಗಳು ಗಂಗು ಈಗ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಜಡೆ ಒಂದು ಕಡೆ, ತಲೆ ಒಂದು ಕಡೆ, ಆದರೂ ಹಾಕಿಕೊಳ್ಳುತ್ತಾಳೆ.

ಇನ್ನು ನಿನ್ನ ಚುಕ್ಕೆ ಎಲೆಯ ಗಿಡದ ವಿಷಯ. ಅದು ನನ್ನ ತಲೆ ತಿಂದುಬಿಟ್ಟಿದೆ ಮಾರಾಯ್ತಿ. ಕೋಲಾರದ ಲೇಡಿ ಡಾಕ್ಟರಮ್ಮ ಆ ಕುಂಡವನ್ನು ನಿನ್ನ ಕೈಗೆ ಕೊಟ್ಟಾಗ, ಸದಾ ಮಳೆ ಸುರಿಯುವ ಯಾವುದೋ ದೂರದೇಶದ ಕಾಡಿನದು, ಬಿಸಿಲಿಗಿಡಬೇಡ, ಮನೆಯೊಳಗೇ ಇಡು ಎಂದರು. ಸರಿ, ನಡುಮನೆಯ ಬೆಳಕಿಂಡಿಯ ಕೆಳಗೆ ಇಟ್ಟೆವು. ನೀನೋ ಹೊರಡುವಾಗ, "ಗಿಡದ ಮುಖ ನೋಡ್ಬೇಡಿ, ಮಣ್ಣಿಗೆ ಬೆರಳಿಟ್ಟು ನೋಡಿ. ಒಣಗಿದ್ರೆ ಮಾತ್ರ ನೀರು ಹಾಕಿ" ಎಂದೆ. ಸದಾ ಮಳೆಯಲ್ಲಿ ನೆನೆಯುವ ಗಿಡಕ್ಕೆ ನೀರು ಹಾಕಬೇಡ ಎಂದರೆ ಏನರ್ಥ? ಆಗ ಕೇಳಲು ಹೊತ್ತಿರಲಿಲ್ಲ, ಬಸ್ಸು ಹೊರಟಿತ್ತು; ದಾರಿಯುದ್ದಕ್ಕೂ ನಿನ್ನ ಕೆಮ್ಮಿನ ಚಿಂತೆಯಲ್ಲಿ ನನಗೆ ಗಿಡ ಮರೆತೇಹೋಯಿತು. ಹೊರಡುವಾಗ ಕಿಟಕಿಯಿಂದ ನಗುತ್ತಾ ಅಮ್ಮನ ಕಡೆಗೆ ಇನ್ನೊಂದು ಮಾತು ಬೇರೆ ಎಸೆದೆ: "ಅದು ನೆಟ್ಟಗಿದ್ರೆ ನಾನೂ ನೆಟ್ಟಗೆ ವಾಪಸ್ ಬರ್ತೀನಿ ಬಿಡಿ." ನೀನು ತಮಾಷೆಗೆ ಆಡಿದ್ದು. ಅಮ್ಮ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದಳು. ಅವತ್ತಿನಿಂದ ಆ ಗಿಡ ಗಿಡವಾಗಿ ಉಳಿಯಲಿಲ್ಲ.

ದೀಪಾವಳಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಕೆಳಗಿನ ಎಲೆಯೊಂದು ಹಳದಿಯಾಯಿತು. ನೀರು ಸಾಲದೇನೋ ಎಂದು ಎರಡು ಲೋಟ ಜಾಸ್ತಿ ಹಾಕಿದೆ. ಮತ್ತೆರಡು ಎಲೆ ಹಳದಿಯಾದವು. ಹೆಚ್ಚಾಯಿತೇನೋ ಎಂದು ನೀರು ನಿಲ್ಲಿಸಿದೆ. ಇಲ್ಲೇ ನೋಡು ನನಗೆ ತಲೆ ಕೆಟ್ಟದ್ದು: ಹನ್ನೊಂದು ದಿನ ಒಂದು ತೊಟ್ಟು ಹಾಕಿಲ್ಲ, ಬೆರಳಿಟ್ಟರೆ ಮಣ್ಣು ಕೆಸರು! ಸೂರು ಸೋರುತ್ತದೆಯೇ ಎಂದು ಏಣಿ ಹತ್ತಿ ಹೆಂಚೆಲ್ಲಾ ತಡವಿದೆ. ಧನುರ್ಮಾಸದಲ್ಲಿ ನಮ್ಮೂರಲ್ಲಿ ಎಲ್ಲಿಯ ಮಳೆ? ಊರ ಮಕ್ಕಳಿಗೆಲ್ಲಾ ಲೆಕ್ಕ ಕಲಿಸುವ ಮೇಷ್ಟ್ರು ನಾನು, ಒಂದು ಕುಂಡದ ಲೆಕ್ಕ ಹತ್ತಲಿಲ್ಲ. ಎಲೆತೋಟದ ಪೆದ್ದಪ್ಪನನ್ನು ಕರೆದು ತೋರಿಸಿದೆ. ವೀಳ್ಯದೆಲೆ ಬೆಳೆಯುವವನಲ್ಲವೇ, ನೆರಳಿನ ಗಿಡದ ಸಂಗತಿ ತಿಳಿದಿರುತ್ತದೆ ಎಂದುಕೊಂಡೆ. ಅವನು ಕುಂಡದ ಸುತ್ತ ಮೂರು ಸುತ್ತು ಬಂದು, "ಮೇಷ್ಟ್ರೇ, ನಿಮ್ ನಡುಮನೆ ಕೆಳಗೆ ನೀರಿನ ಸೆಲೆ ಐತೆ! ಹಾರೆ ತರ್ಲಾ?" ಎಂದ. ನೀರಿಗೆ ಬಾಯಿ ಬಿಡುವ ನಮ್ಮ ಸೀಮೆಯಲ್ಲಿ ಆ ಮಾತು ಆಡಬಾರದು ಕಣೇ. ಅತ್ತೆ ಆಗಲೇ ಬಾವಿಯ ಕಟ್ಟೆ ಎಲ್ಲಿ ಬರಬೇಕೆಂದು ಹೇಳತೊಡಗಿದರು.

ಕಡೆಗೆ ಕಳೆದ ಭಾನುವಾರ ಬೆಳಿಗ್ಗೆ ನಾನು ಹೊರಗೆ ಹೋಗಲಿಲ್ಲ. ರಾಗಿಯ ಕಣಜದ ಹಿಂದೆ ಪಂಚೆ ಹೊದ್ದು ಕೂತೆ. ಮೊದಲು ಬಂದವಳು ಅಮ್ಮ. ಸ್ನಾನ ಮಾಡಿ, ತುಳಸಿಗೆ ನೀರೆರೆದು, ಅದೇ ಒದ್ದೆ ಸೀರೆಯಲ್ಲಿ ಒಳಗೆ ಬಂದು ಒಂದು ಚೊಂಬು ಪೂರ್ತಿ ಕುಂಡಕ್ಕೆ ಸುರಿದು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳು ಅಡಿಗೆಮನೆಗೆ ಹೋದದ್ದೇ ತಡ ಅತ್ತೆ ಬಂದರು, ಇನ್ನೊಂದು ಚೊಂಬು. ಆಮೇಲೆ ಗಂಗು ಬೆಕ್ಕಿನ ಹೆಜ್ಜೆಯಲ್ಲಿ ಬಂದು, ತನ್ನ ಲೋಟದ ನೀರು ಅರ್ಧ ಕುಡಿದು ಅರ್ಧ ಹುಯ್ದಳು. ನಾನು ಎದ್ದು ನಿಂತೆ. ಸಿಟ್ಟಿನಲ್ಲಿ ಏನೇನು ಕೂಗಾಡಿದೆನೋ! ಆಗ ಅಮ್ಮ ಅಳುತ್ತಾ, "ಸೊಸೆ ವಾಪಸ್ ಬರ್ಲಿ ಅಂತ ಹರಕೆ ಹೊತ್ತಿದ್ದೆ ಕಣ್ಲಾ. ಹರಕೆ ಬಾಯಿ ಬಿಟ್ಟು ಹೇಳಿದ್ರೆ ಫಲ ಸಿಕ್ತೈತಾ?" ಎಂದಳು. ಅತ್ತೆಯದೂ ಅದೇ ಹರಕೆ. ಗಂಗುವಿನದೂ ಅದೇ. ಒಬ್ಬರಿಗೊಬ್ಬರು ಹೇಳಿಲ್ಲ. ನೀನು ಹೋದಂದಿನಿಂದ ಇದು ನಡೆದಿದೆ. ನನ್ನ ಲೋಟ ಬೇರೆ ಮೇಲೆ.

ಹೋಗಲಿ, ಏಳು ತಿಂಗಳ ನೀರು ಎಲ್ಲಿಗೆ ಹೋಯಿತು ಎಂದು ಕುಂಡ ಎತ್ತಿ ನೋಡಿದರೆ, ತಳದ ತೂತಿಗೆ ಹಳೆಯ ಬಟ್ಟೆ ತುರುಕಿದೆ. ಅದೂ ಅಮ್ಮನ ಕೆಲಸವೇ, ದೀಪಾವಳಿಗೆ ಮನೆ ಸಾರಿಸಿದಾಗಿನದು. ತಾನು ಸೇದಿ ತಂದ ಬಾವಿಯ ನೀರು ಸೋರಿ ಪೋಲಾಗುವುದನ್ನು ಅವಳ ಕೈಲಿ ನೋಡಲಾಗಲಿಲ್ಲವಂತೆ. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದುವವಳಿಗೆ ನಾನು ಏನೆಂದು ಬೈಯಲಿ? ಬಟ್ಟೆ ಕಿತ್ತೆ. ಕಂದು ನೀರು ಬುಳುಬುಳು ಇಳಿಯಿತು, ವಾಸನೆಯೂ ಬಂತು. ಅದೇ ದಿನ ಪೆದ್ದಪ್ಪ ಕುಂಡವನ್ನು ತನ್ನ ತೋಟದ ನೆರಳಿಗೆ ಒಯ್ದ. ಈಗ ಅಲ್ಲಿ ಚೇತರಿಸಿಕೊಳ್ಳುತ್ತಿದೆ, ಒಂದು ಚಿಗುರೂ ಬಿಟ್ಟಿದೆಯಂತೆ. ಇದನ್ನು ಜೋರಾಗಿ ಓದುತ್ತಾ ಬರೆಯುತ್ತಿದ್ದೇನೆ. ಅಮ್ಮ ಎದುರಿಗೇ ಕೂತು ತಲೆಯಾಡಿಸುತ್ತಿದ್ದಾಳೆ. ಆದರೂ ನನಗೊಂದು ಅರ್ಥವಾಗಿಲ್ಲ. ನಾಲ್ಕು ಜನ ನಾಲ್ಕು ಕೈಯಿಂದ ಚೆನ್ನಾಗಿರಲಿ ಎಂದು ಹಾಕಿದ್ದು ಗಿಡಕ್ಕೆ ಹೇಗೆ ಮುಳುವಾಯಿತು? ಎಷ್ಟು ಹಾಕಿದರೆ ಸರಿ, ಎಲ್ಲಿಗೆ ನಿಲ್ಲಿಸಬೇಕು? ನಿನ್ನ ಬೆರಳಿಗೆ ಅದು ಹೇಗೆ ತಿಳಿಯುತ್ತಿತ್ತು ಎಂದು ಬಿಡಿಸಿ ಬರೆ.

ಅಮ್ಮನೂ ಅತ್ತೆಯೂ ನೂರು ವರ್ಷ ಬಾಳು ಎನ್ನುತ್ತಿದ್ದಾರೆ. ಗಂಗು ನಿನಗೆ ನಮಸ್ಕಾರ ಹೇಳಿ, ಜಡೆಯ ಸುದ್ದಿ ಬರೆದದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಕಂಬಳಿ ಸರಿಯಾಗಿ ಹೊದ್ದು ಮಲಗು.

ಇತಿ ನಿನ್ನ,
ಶ್ರೀರಾಮಪ್ಪ

ವಿ.ಸೂ.: ಅಮ್ಮ ಎದ್ದು ಹಿತ್ತಲಿಗೆ ಹೋದಳು, ಟಪಾಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚಿಗುರು ಸುಳ್ಳು. ಬುಡ ಕೊಳೆತಿತ್ತು, ಮುಟ್ಟಿದರೆ ಕೈಗೇ ಬಂತು. ಮಂಗಳವಾರವೇ ನಾನೂ ಪೆದ್ದಪ್ಪನೂ ತೋಟದ ಬದುವಿನಲ್ಲಿ ಹೂತುಬಿಟ್ಟೆವು, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹಿಂದಿನ ಮೂರು ಕಾಗದಗಳಲ್ಲಿ ಗಿಡ ಚೆನ್ನಾಗಿದೆ ಎಂದು ಬರೆದದ್ದೂ ಸುಳ್ಳೇ, ನಿನ್ನ ಮನಸ್ಸು ಕೆಡದಿರಲಿ ಎಂದು ಬರೆದೆ. ಬಸ್ಸಿನಲ್ಲಿ ನೀನಾಡಿದ ಮಾತನ್ನು ನಾನು ಒಪ್ಪುವುದಿಲ್ಲ ಕಣೇ. ಗಿಡ ಹೋದರೆ ಹೋಯಿತು, ನೀನು ಬರಲೇಬೇಕು. ರಜ ಕೇಳಿದ್ದೇನೆ, ಶನಿವಾರ ಅಲ್ಲಿರುತ್ತೇನೆ. ನೆನ್ನೆ ನಿನ್ನ ಕಾಗದಗಳನ್ನೆಲ್ಲಾ ತೆಗೆದು ಮತ್ತೆ ಓದಿದೆ. ಒಂದೊಂದರಲ್ಲೂ "ನಾನು ಚೆನ್ನಾಗಿದ್ದೇನೆ" ಎಂದೇ ಇದೆ. ನಾನು ಬರೆದ ಹಾಗೆ ನೀನೂ ಬರೆಯುತ್ತಿಲ್ಲ ತಾನೇ?