ಬೀಗರಿಗೆ ಕುಡಿಸಿದ ಲೋಟ

ಸಿನಕಾಂತಾನ್, ಚಿಯಾಪಾಸ್
ನವೆಂಬರ್ ೧೪, ೨೦೧೭

ಪ್ರೀತಿಯ ಬೀಗಿತ್ತಿ ಎರ್ಮಿನಿಯಾ ಅವರಿಗೆ, ಪಾಸ್ಕ್ವಾಲಾಳ ನಮಸ್ಕಾರಗಳು.

ನಿಮ್ಮ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾದವು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸಿ. ಬಾಯಲ್ಲೇ ಹೇಳೋಣವೆಂದು ಎರಡು ಸಲ ಗುಡ್ಡ ಇಳಿದು ನಿಮ್ಮ ಬಾಗಿಲ ತನಕ ಬಂದೆ, ಹಾಗೇ ವಾಪಸಾದೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ. ಕಾಗದಗಳನ್ನೆಲ್ಲ ನಿಮ್ಮ ಮಗಳ ಕೈಲೇ ಬರೆಸುವವಳು ನಾನು. ಇದನ್ನು ಮಾತ್ರ ಅವಳ ಕೈಲಿ ಬರೆಸುವಂತಿಲ್ಲ.

ನಿಮ್ಮ ಮಗಳು ಒಫೆಲಿಯಾ ಚೆನ್ನಾಗಿದ್ದಾಳೆ. ಈಗ ಐದು ತಿಂಗಳು. ಮಾವಿನಕಾಯಿಗೆ ಖಾರ ಹಚ್ಚಿಕೊಂಡು ತಿನ್ನುತ್ತಾಳೆ, ನನ್ನ ಮಗ ಮತಿಯಾಸ್ ಸಂತೆಯಿಂದ ತಂದು ತಂದು ಸುಸ್ತಾಗಿದ್ದಾನೆ.

ಸತ್ತವರ ಹಬ್ಬದಂದು ನಿಮ್ಮನ್ನು ಸ್ಮಶಾನದಲ್ಲಿ ನೋಡಿದೆ. ಊರವರ ಗೋರಿಗಳ ಮೇಲೆಲ್ಲ ಚೆಂಡು ಹೂವಿನ ಪಕ್ಕ ಕೋಲಾ ಬಾಟಲಿ. ನೀವು ಅನ್ಸೆಲ್ಮೊ ಬೀಗರಿಗೆ ಇಟ್ಟಿದ್ದು ಒಂದು ಚೊಂಬು ನೀರು. ಯಾರೋ ಹೆಂಗಸು, "ಏನಮ್ಮಾ, ಸತ್ತ ಮೇಲೂ ಪಥ್ಯಾನಾ?" ಎಂದು ಕೇಳಿದಳು. "ಬದುಕಿದ್ದಾಗ ಮಾಡಕ್ಕೆ ಬಿಡಲಿಲ್ವಲ್ಲ," ಎಂದಿರಿ. ನನ್ನ ಕಡೆ ನೋಡಲಿಲ್ಲ.

ಮೂರು ವರ್ಷದ ಹಿಂದೆ ಹೆಣ್ಣು ಕೇಳಲು ಬಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಊರ ಮುಂದೆ ಕಡಿಮೆಯಾಗಬಾರದೆಂದು ಕುರಿ ಮಾರಿ ಹನ್ನೆರಡು ಕೇಸು ಕೋಲಾ ಹೊರಿಸಿಕೊಂಡು ಬಂದಿದ್ದೆ. ನಾನು ನನ್ನ ಲೋಟ ಕುಡಿದು ಇಟ್ಟೆ. ಬೀಗರು ಮಾತು ಕೊಡುವ ಲೋಟ ಈಸಿಕೊಂಡವರು ಕುಡಿಯದೆ ನೆಲಕ್ಕಿಟ್ಟರು.

"ತಪ್ಪು ತಿಳೀಬೇಡಿ ಅಕ್ಕಾ. ಸಕ್ಕರೆ ಕಾಯಿಲೆ. ಇದನ್ನ ಬಿಟ್ಟು ಎಂಟು ತಿಂಗಳಾಯ್ತು, ಕುಡಿದ್ರೆ ನರ್ಸಮ್ಮ ಬೈತಾಳೆ. ನಿಮ್ಮ ಕೈಯಾರೆ ಒಂದು ಲೋಟ ನೀರು ಕೊಡಿ, ಅದನ್ನೇ ಕುಡಿದು ಮಾತು ಕೊಡ್ತೀನಿ."

ನಾನು ಏನಂದೆ? "ನೀರು ಕುಡಿದು ಯಾರಾದ್ರೂ ಮಗಳನ್ನ ಕೊಡ್ತಾರೇನ್ರೀ? ನಮ್ಮ ಲೋಟ ಬೇಡ ಅಂದ್ರೆ ನಮ್ಮ ಹುಡುಗನೂ ಬೇಡ ಅಂತ ತಾನೆ? ಏಳೋ ಮತಿಯಾಸ್, ಕೇಸು ಹೊರು."

ಬಾಗಿಲ ಹಿಂದೆ ಒಫೆಲಿಯಾ ಬಿಕ್ಕಿದ್ದು ಕೇಳಿಸಿತು. ಬೀಗರು ಆ ಕಡೆ ಒಮ್ಮೆ ನೋಡಿ, ಲೋಟ ಎತ್ತಿ ಗಟಗಟನೆ ಕುಡಿದರು. ನಾನು ಮತ್ತೆ ತುಂಬಿಸಿದೆ.

ಒಂದು ಲೋಟಕ್ಕೆ ಕಾಲು ಹೋಗುವುದಿಲ್ಲ ಎಂದು ನರ್ಸಮ್ಮನೇ ಹೇಳಿದ್ದಾಳೆ. ಆದರೆ ಅಂದು ಮುರಿದ ಪಥ್ಯ ಮತ್ತೆ ಹಿಡಿಯಲಿಲ್ಲ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು, ಅಂಗಡಿಯಲ್ಲಿ ನೀರಿನ ಬಾಟಲಿಗೂ ಕೋಲಾಗೂ ಒಂದೇ ಬೆಲೆ. ಹೂವಿನ ಹೊರೆ ಇಳಿಸಿದ ಮೇಲೆ ದಿನಕ್ಕೆ ಎರಡು ಬಾಟಲಿ ಕುಡಿಯತೊಡಗಿದರಂತೆ. ಮೊದಲು ಕಾಲ್ಬೆರಳಿನ ಗಾಯ, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ ಕತ್ತರಿಸಿದರು. ಪಟ್ಟಣದ ಆಸ್ಪತ್ರೆಗೆ ಓಡಾಡಲು ನೀವು ಹೂದೋಟ ಮಾರಿದಿರಿ. ಅದೇ ತೋಟದಲ್ಲಿ ಈಗ ಕೂಲಿಗೆ ಸೇವಂತಿಗೆ ಕೊಯ್ಯುತ್ತೀರಿ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಬೀಗರು, "ಮಗಳು ನಿಮ್ಮನೇಲಿ ಸುಖವಾಗಿದಾಳಲ್ಲ ಅಕ್ಕಾ, ಅಷ್ಟು ಸಾಕು ಬಿಡಿ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹುಟ್ಟುವ ಮಗುವಿಗೆ ಹೆಸರಿಡುವ ದಿನ ನಮ್ಮ ಮನೆಗೆ ಒಂದು ಬಾಟಲಿ ಕೋಲಾ ತರುವುದಿಲ್ಲ. ಮೆಕ್ಕೆಜೋಳದ ಗಂಜಿ, ಕುದಿಸಿ ಆರಿಸಿದ ನೀರು. ಊರು ನಗಲಿ. ನೀವು ಬಂದು ಅಜ್ಜಿಯ ಜಾಗದಲ್ಲಿ ಕೂರಬೇಕು. ದೇವಮಾತೆ ನಿಮ್ಮ ಮನಸ್ಸಿಗೆ ನೆಮ್ಮದಿ ಕೊಡಲಿ, ಮೊಮ್ಮಗುವನ್ನು ಎತ್ತಿ ಆಡಿಸುವ ಶಕ್ತಿ ಕೊಡಲಿ.

ಇಂತಿ ನಿಮ್ಮ ಬೀಗಿತ್ತಿ,
ಪಾಸ್ಕ್ವಾಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೆಣ್ಣು ಕೇಳಲು ಬರುವ ಒಂದು ತಿಂಗಳ ಮುಂಚೆ ನರ್ಸಮ್ಮ ನನಗೂ ಸಕ್ಕರೆ ಕಾಯಿಲೆ ಎಂದು ಹೇಳಿದ್ದಳು. ಸಂಬಂಧ ತಪ್ಪೀತೆಂದು ಯಾರಿಗೂ ಬಾಯಿಬಿಡಲಿಲ್ಲ. ಅಂದು ಬೀಗರ ಎದುರಿಗೆ ನಾನು ಕುಡಿದದ್ದು ಕೋಲಾ ಅಲ್ಲ, ಮನೆಯಿಂದ ಬಾಟಲಿಗೆ ತುಂಬಿಸಿ ತಂದಿದ್ದ ಸಕ್ಕರೆ ಹಾಕದ ಕಪ್ಪು ಕಾಫಿ. ಬಣ್ಣ ಒಂದೇ, ಯಾರಿಗೂ ಗೊತ್ತಾಗಲಿಲ್ಲ. ಬಾಟಲಿಯಲ್ಲಿ ಇನ್ನೊಂದು ಲೋಟಕ್ಕಾಗುವಷ್ಟು ಉಳಿದಿತ್ತು.