ಕೆಂಪಕ್ಕಿ

17-11-2024, ಭಾನುವಾರ. ಹೊನ್ನಾಳಿ.

ಆ ಎರಡನೇ ಪಾತ್ರೆ ಇನ್ನೂ ಕಣ್ಣ ಮುಂದೆಯೇ ಇದೆ. ವಾರವೆಲ್ಲ ಮನೆಮನೆಯಲ್ಲೂ ತೆಗೆದಿಟ್ಟ ಹಿಡಿ ಅಕ್ಕಿಯನ್ನು ಭಾನುವಾರ ಚರ್ಚಿಗೆ ಒಯ್ದು, ಅಲ್ಲೇ ಬೇಯಿಸಿ, ಆರಾಧನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ಇಷ್ಟೇ ಜನಕ್ಕೆ ಎರಡು ಪಾತ್ರೆ ಯಾಕೆ ಎಂದು ಅಡುಗೆ ನೋಡಿಕೊಳ್ಳುವ ಎಸ್ತೇರಮ್ಮನನ್ನು ಹೋದ ವಾರ ಕೇಳಿದ್ದೆ.

"ಒಂದ್ರಾಗೇ ಹಾಕಿದ್ರೆ ಅನ್ನ ಮುದ್ದೆ ಆಗ್ತೈತಕ್ಕ," ಅಂದಿದ್ದಳು.

ನಾನು ನಂಬಲಿಲ್ಲ. ಈ ಸಲ ನನ್ನ ಪಾಲಿನ ಅಕ್ಕಿಗೆ ಕೆಂಪಕ್ಕಿ ಬೆರೆಸಿ ಕೊಟ್ಟೆ. ಎಲ್ಲರ ಅಕ್ಕಿಯೂ ಕೂಡಿ ಬೆಂದರೆ ಎಲ್ಲರ ತಟ್ಟೆಯಲ್ಲೂ ಒಂದೆರಡು ಕೆಂಪು ಅಗುಳು ಕಾಣಬೇಕಲ್ಲ.

ಕ್ರಿಸ್ತನಲ್ಲಿ ನಾವೆಲ್ಲ ಒಂದೇ ಮನೆಯವರು ಎಂದು ಪಾಸ್ಟರು ಊಟದ ಪ್ರಾರ್ಥನೆ ಮಾಡಿದರು. ನಾನು ಕಣ್ಣು ಮುಚ್ಚದೆ ಸಾಲುದ್ದಕ್ಕೂ ನೋಡಿದೆ. ಪಾಸ್ಟರ ತಟ್ಟೆ ಬೆಳ್ಳಗೆ. ಎಸ್ತೇರಮ್ಮನದೂ ಬೆಳ್ಳಗೆ. ಕೆಂಪು ಇದ್ದದ್ದು ನನ್ನ ತಟ್ಟೆಯಲ್ಲಿ, ಪಕ್ಕದ ಉಡಚಮ್ಮನ ತಟ್ಟೆಯಲ್ಲಿ. ಆ ಚರ್ಚಿಗೆ ಊರಾಚೆಯ ನಮ್ಮ ಕೇರಿಯಿಂದ ಹೋಗುವವರು ನಾವಿಬ್ಬರೇ.

"ಸುಮ್ಕೆ ಉಣ್ಣವ್ವ. ನಂಗೆ ಮೊದ್ಲಿಂದ ಗೊತ್ತೈತೆ," ಅಂದಳು ಮುದುಕಿ.

ಉಂಡೆ. ಮುಂದಿನ ಭಾನುವಾರ ಸೌಟು ಹಿಡಿದು ಬಡಿಸಲು ನಾನೇ ನಿಲ್ಲುತ್ತೇನೆ. ಆಗ ಎಸ್ತೇರಮ್ಮ ತಟ್ಟೆ ಚಾಚುತ್ತಾಳೋ, ಇವತ್ತು ಉಪವಾಸ ಅನ್ನುತ್ತಾಳೋ ನೋಡುತ್ತೇನೆ.